ಘರ್ಜನೆಯ ಅಳಿಯ

ಒಂದಾನೊಂದು ಊರಿಗೆ ಒಬ್ಬ ಅಳಿಯ ಬಂದ. ಅಂತಿಂಥ ಅಳಿಯನಲ್ಲ, ಏಳು ಸಮುದ್ರದಾಚೆಯ ಥಿಯೇಟರುಗಳಲ್ಲೂ ಸಿಳ್ಳೆ ಹೊಡೆಸಿಕೊಂಡ ಸಿನಿಮಾ ನಟ. ತೆರೆಯ ಮೇಲೆ ಅವನು “ಸರಿಯೋ ಪಕ್ಕಕ್ಕೆ!” ಎಂದು ಘರ್ಜಿಸಿದರೆ ಯುದ್ಧದ ಟ್ಯಾಂಕುಗಳೇ ಹಿಂದೆ ಸರಿಯುತ್ತಿದ್ದವು. ಆ ಘರ್ಜನೆಗೆ ಮನಸೋತೇ ಅತ್ತೆ ಮಗಳನ್ನು ಕೊಟ್ಟಿದ್ದರು.

ಗುಟ್ಟೆಂದರೆ, ಘರ್ಜನೆ ಅವನದಲ್ಲ. ಡಬ್ಬಿಂಗ್ ಕೋಣೆಯಲ್ಲಿ ಯಾರೋ ಪುಣ್ಯಾತ್ಮ ಕೊಟ್ಟದ್ದು. ಆ ಪುಣ್ಯಾತ್ಮನ ಮುಖವನ್ನೂ ಇವನು ಕಂಡಿರಲಿಲ್ಲ. ಸ್ವಂತ ದನಿಯೋ, ಎಣ್ಣೆ ಕಾಣದ ಬಾಗಿಲಿನದು. ಮದುವೆಯಲ್ಲಿ ಬರೀ ನಗುತ್ತ, ತಲೆಯಾಡಿಸುತ್ತ ಹೇಗೋ ಪಾರಾಗಿದ್ದ.

ಬೆಳಗ್ಗೆ ಅತ್ತೆ ಶುರುಮಾಡಿದರು. “ಅಳಿಯಂದ್ರೇ, ಮಹಡಿ ಮೇಲಿನ ಬಾಡಿಗೆಯೋನು ದಿನಾ ನಮ್ಮ ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸ್ತಾನೆ. ಕೇಳಿದ್ರೆ ಮಾತೇ ಇಲ್ಲ, ಕೈಸನ್ನೆ ಮಾಡಿ ಮೇಲೆ ಹೋಗ್ತಾನೆ. ನೀವೊಂದ್ಸಲ ಘರ್ಜಿಸಿಬಿಡಿ. ಸಂಜೆಯೊಳಗೆ ಗೇಟು ಖಾಲಿ ಆಗ್ಬೇಕು.”

ಅಭ್ಯಾಸಬಲದಿಂದ ಅಳಿಯ ತಲೆಯಾಡಿಸಿಬಿಟ್ಟ.

“ಮಾತು ಕೊಟ್ರಲ್ರೀ! ಈಗೇನ್ಮಾಡ್ತೀರಿ?” ಗುಟ್ಟು ಗೊತ್ತಿದ್ದ ಹೆಂಡತಿ ಅಂಗೈಯಲ್ಲಿ ನಗು ಮುಚ್ಚಿಕೊಂಡಳು.

“ಗಂಟಲು ಕಟ್ಟಿದೆ ಅನ್ನೇ,” ಎಂದು ಅವನು ಕಿರುಗುಟ್ಟಿದ.

ಅನ್ನಬಾರದಿತ್ತು. ಸುದ್ದಿ ಬೀದಿಗೆಲ್ಲ ಹರಡಿ, ಪಕ್ಕದಂಗಡಿಯ ಟೈಲರ್ ಬಿಸಿನೀರು ಹೊತ್ತು ಬಂದ. ಎದುರುಮನೆಯಾಕೆ ಜೇನು ತಂದು ಸುರಿದಳು. ಡ್ರಿಲ್ ಮೇಷ್ಟ್ರು ಬಾವಿಯಲ್ಲಿ ಬಿಂದಿಗೆ ಹುಡುಕುವವರಂತೆ ಬಾಯೊಳಗೆ ಟಾರ್ಚ್ ಬಿಟ್ಟು, “ಏನೂ ಆಗಿಲ್ಲ. ಸಿಂಹ ಮಲಗಿದೆ ಅಷ್ಟೆ, ಏಳತ್ತೆ!” ಎಂದರು. ಸಂಜೆಗೆ ಬೀದಿಗೆ ಬೀದಿಯೇ ಕುರ್ಚಿ ಹಾಕಿಕೊಂಡು ಕೂತಿತ್ತು. ಮುಂದಿನ ಸಾಲಿನಲ್ಲಿ ಅತ್ತೆ.

ಇವರ ಎದುರೇ ಮಾನ ಹೋಗಬೇಕೇ? ಬೆವರುತ್ತ ಅವನು ಸ್ಕೂಟರಿನ ಮುಂದೆ ನಿಂತ. ತೆರೆಯ ಮೇಲಿನಂತೆಯೇ ಹುಬ್ಬು ಗಂಟಿಕ್ಕಿ, ಎದೆಯುಬ್ಬಿಸಿ, ಕೈಯೆತ್ತಿ ಬಾಯಿ ತೆರೆದ.

“ಸರಿಯೋ ಪಕ್ಕಕ್ಕೆ!”

ಕಿಟಕಿಯ ಗಾಜುಗಳು ನಡುಗಿದವು. ಕಾಗೆಗಳು ಹಾರಿದವು. ಬೀದಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬೆಪ್ಪಾಗಿದ್ದವನು ಅಳಿಯನೊಬ್ಬನೇ. ಅವನಿನ್ನೂ ಉಸಿರೇ ಬಿಟ್ಟಿರಲಿಲ್ಲ!

“ದನಿ ಮೇಲಿಂದ ಬಂತಲ್ಲ!” ಅತ್ತೆ ಕತ್ತೆತ್ತಿದರು.

ಮಹಡಿಯಲ್ಲಿ ಬಾಡಿಗೆಯವನು ಬಾಯಿ ಮುಚ್ಚಿಕೊಂಡು ನಿಂತಿದ್ದ. “ತಪ್ಪಾಯ್ತಮ್ಮಾ. ಆ ಹುಬ್ಬು ಗಂಟಾದ್ರೆ ನನ್ನ ಬಾಯಿ ತಾನಾಗೇ ತೆರೆದುಬಿಡತ್ತೆ. ಅವರ ಪಿಕ್ಚರಿಗೆಲ್ಲ ದನಿ ಕೊಡೋನು ನಾನೇ. ಗಂಟಲು ಸವೆಯತ್ತೆ ಅಂತ ಮನೇಲಿ ಸುಮ್ನಿರ್ತೀನಿ.”

“ಅಯ್ಯೋ, ನೀವಾ!” ಅತ್ತೆಯ ಮುಖ ಅರಳಿತು. “ಇಳಿದು ಬನ್ನಿ ಸ್ವಾಮೀ, ಒಳಗೆ ಕೂತ್ಕೊಳ್ಳಿ! ಛೇ, ನಿಮ್ಮ ಗಾಡಿ ಬೀದಿಯಲ್ಲಿ ಧೂಳು ತಿನ್ಬೇಕಾ? ನಮ್ಮ ವರಾಂಡದಲ್ಲೇ ಇರ್ಲಿ. ಅಳಿಯಂದ್ರೇ, ಏನು ನೋಡ್ತಾ ನಿಂತ್ರಿ? ತಳ್ಳಿ!”

ಅಳಿಯ ತಲೆಯಾಡಿಸಿದ, ತಳ್ಳಿದ. ಗೇಟು ಖಾಲಿಯಾಯಿತು.