ಎಸ್‌ಡಿಕೆಯ ವಿಸರ್ಜನೆ

ಹಳೆಯ ಎಸ್‌ಡಿಕೆ ಹೋಗದೆ ಹೊಸದು ಕೂರುವುದಿಲ್ಲ ಎಂದು ಕಂಪ್ಯೂಟರು ಹಟ ಹಿಡಿದಾಗ ಬೆಳಗಿನ ಹತ್ತು ಗಂಟೆ. ಎಗ್ಮೋರಿನ ಹೋಟೆಲ್ ಮಾಲೀಕರಾದ ವಿಷ್ಣುಮೂರ್ತಿ ರಾಯರು ಯಾರ ತಿಂಡಿ ಸಿದ್ಧವೆಂದು ನಂಬರು ತೋರಿಸುವ ಟೋಕನ್ ಬೋರ್ಡು ನೋಡಲು ನಾಲ್ಕಕ್ಕೆ ಮದ್ರಾಸಿನ ನುಂಗಂಬಾಕ್ಕಂನ ಈ ಆಫೀಸಿಗೆ ಬರುವವರಿದ್ದರು. ಅವರು ಒಪ್ಪಿದರೆ ಪ್ರೋಗ್ರಾಮು ಬರೆಯುವ ನಂಜುಂಡನ ಕೆಲಸ ಖಾಯಂ. ಒಪ್ಪದಿದ್ದರೆ? "ನಿನ್ನ ನಂಬರನ್ನೇ ಕೂಗಿಬಿಡ್ತೀನಿ," ಎಂದಿದ್ದ ಬಾಸ್ ಪ್ರತಾಪ್.

ಬೋರ್ಡಿನೊಳಗೆ ಬೆಂಕಿಪೊಟ್ಟಣದಷ್ಟು ಲಿನಕ್ಸ್ ಕಂಪ್ಯೂಟರು. ಅದಕ್ಕೆ ಪ್ರೋಗ್ರಾಮು ಬೇಯಿಸುವ ಪಾತ್ರೆಪಡಗದ ಕಿಟ್ಟೇ ಎಸ್‌ಡಿಕೆ. ನಂಜುಂಡ ಒಂದೇ ಆಜ್ಞೆಗೆ ಹಳೆಯ ಫೋಲ್ಡರನ್ನು ಅಳಿಸಿ ಕೈ ಕೊಡವಿಕೊಂಡ.

"ಹಂಗೇ ಎತ್ತಿ ಎಸೆದ್ಯೇನೋ!" ಹಾಜರಿ ಪುಸ್ತಕದಿಂದ ಕಾಫಿಪುಡಿಯವರೆಗೆ ಆಫೀಸನ್ನಾಳುವ ಜಾನಕಮ್ಮ ಎದೆ ಹಿಡಿದುಕೊಂಡರು. "ಮೂರು ವರ್ಷ ಕೂತಿದ್ದು ಕಣೋ ಅದು. ಕೂರಿಸೋವಾಗ ನಾನೇ ಕುಂಕುಮ ಇಟ್ಟಿದ್ದೆ. ಗೌರೀನ ಕೂರಿಸಿ ಆಮೇಲೆ ಕಸದಬುಟ್ಟಿಗೆ ಹಾಕ್ತಾರಾ? ಉತ್ತರಕ್ಕೆ ಚೂರು ಜರುಗಿಸಿ, ಮರ್ಯಾದೆಯಾಗಿ ಬೀಳ್ಕೊಡಬೇಕು."

"ಜಾನಕಮ್ಮ, ಅದು ಬರೀ ಫೋಲ್ಡರು."

"ಸಾಲಿಗ್ರಾಮಾನೂ ಬರೀ ಕಲ್ಲೇ."

ನಂಜುಂಡ ಮಾನಿಟರನ್ನು ಉತ್ತರಕ್ಕೆ ಜರುಗಿಸಿದ. ಕೈ ಮುಗಿದು "ಹೋಗು" ಎಂದ.

"ಥೂ, ಬಿಡ್ತು ಅನ್ನು! ಹೋಗು ಅನ್ನಬಾರದು, ಹೋಗಿ ಬಾ ಅನ್ನು."

"ಹೋಗಿ ಬಾ," ಎಂದ ನಂಜುಂಡ.

ಹೊಸ ಕಿಟ್ಟನ್ನು ಕೂರಿಸಿ ಪರದೆ ತೆರೆದರೆ ಹಳೆಯ ಕಿಟ್ಟಿನ ಹೆಸರೇ ಹಲ್ಲು ಕಿರಿಯಿತು. ಕಂಪ್ಯೂಟರಿನ ಆರಂಭದ ಕಡತದಲ್ಲಿ ಅದರ ಹೆಸರಿನ ಸಾಲೊಂದು ಉಳಿದಿತ್ತು. ಅದನ್ನು ಅಳಿಸಿದರೆ ಇನ್ನೊಂದು ಮೂಲೆಯಲ್ಲಿ ಕೊಂಡಿ, ಕೊಂಡಿ ಕಿತ್ತರೆ ಮತ್ತೊಂದು ಕಡತ. ಪುರಾಣದ ರಕ್ಕಸನ ಹಾಗೆ, ಕಡಿದಷ್ಟೂ ತಲೆ.

ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಅಜಿತ್ ಪಕ್ಕದ ಮೇಜಿನಿಂದ ಕಿಸಕ್ಕೆಂದ. "ಮಾಮಿ, ನೀಂಗ ತಾನೇ ಬಾ ಅಂತ ಕರೆದಿದ್ದು? ಪಾವಂ, ಮರ್ಯಾದೆಯಾ ವಂದುಡ್ಚಿ, ಬಂದೇಬಿಟ್ಟಿದೆ!"

"ನೀನು ಸುಮ್ನಿರು. ಅಕ್ಷತೆ ಹಾಕಿಲ್ಲ, ಅದಕ್ಕೇ."

ನಂಜುಂಡ ಅಷ್ಟರಲ್ಲಿ ತಾನೇ ಒಂದು ಗುಡಿಸುವ ಪ್ರೋಗ್ರಾಮು ಬರೆದಿದ್ದ. ಕಂಪ್ಯೂಟರಿಗೂ ಅದಕ್ಕೆ ಜೋಡಿಸಿದ ಬೋರ್ಡಿಗೂ ಸೇರಿ ಒಂದೇ ಪೊರಕೆ. ಅನುಮಾನ ಬಂದ ಪ್ರತಿಯೊಂದು ಕಡತಕ್ಕೂ ಅದು "ಇದನ್ನೂ ಅಳಿಸಲೇ?" ಎಂದು ಕೇಳುತ್ತಿತ್ತು. ಹೌದಾದರೆ 'ವೈ', ಬೇಡವಾದರೆ 'ಎನ್'. ಮೊದಲನೆಯದಕ್ಕೆ ಅವನು ವೈ ಒತ್ತುವುದಕ್ಕೂ ಜಾನಕಮ್ಮ ಅಕ್ಷತೆ ಎರಚುವುದಕ್ಕೂ ಸರಿಹೋಯಿತು. ಒಂದು ಅಕ್ಕಿಕಾಳು ಕೀಬೋರ್ಡಿನ ಸಂದಿಗೆ ಜಾರಿತು. ತಗ್ಗಿದ ವೈ ಮತ್ತೆ ಏಳಲಿಲ್ಲ.

ಹಳೆಯ ಕಿಟ್ಟು ಅಳಿಸಲೇ? ಹೌದು. ಹೊಸ ಕಿಟ್ಟು? ಹೌದು. ಟೋಕನ್ ಪ್ರೋಗ್ರಾಮು? ಅದರ ನಕಲು? ಬೋರ್ಡಿನ ಹೊಟ್ಟೆಯಲ್ಲಿರುವುದೆಲ್ಲ? ಹೌದು, ಹೌದು, ಹೌದು. ಅಜಿತ್ ತಂದ ಹೇರ್‌ಪಿನ್ನಿನಿಂದ ಕಾಳು ಹೊರಬರುವ ಹೊತ್ತಿಗೆ ಕಂಪ್ಯೂಟರು ಹಸುಗೂಸಿನ ನೆನಪಿನಷ್ಟು ಶುಭ್ರವಾಗಿತ್ತು.

"ನೋಡು, ಎಷ್ಟು ಚೊಕ್ಕಟವಾಗಿ ಹೋಯ್ತು!" ಎಂದರು ಜಾನಕಮ್ಮ.

ನಂಜುಂಡ ಅಳಲೂ ಪುರುಸೊತ್ತಿಲ್ಲದೆ ಹೊಸ ಕಿಟ್ಟನ್ನು ಮತ್ತೆ ಇಳಿಸತೊಡಗಿದ. ಅದು ಅರ್ಧಕ್ಕೆ ಬಂದಾಗ ನಾಲ್ಕು ಗಂಟೆ. ರಾಯರು ಬಂದೇಬಿಟ್ಟರು. ಪ್ರತಾಪ್ ಸಂಭ್ರಮದಿಂದ ಸ್ವಿಚ್ ಒತ್ತಿದ. ಬೋರ್ಡು ಅಮಾವಾಸ್ಯೆಯಂತೆ ಕಪ್ಪಗಿತ್ತು. ನಂಜುಂಡ ಮನೆದೇವರನ್ನು ನೆನೆದ.

ರಾಯರು ಬೋರ್ಡಿನ ಹಿಂದೆ ಮುಂದೆ ಬಗ್ಗಿ ನೋಡಿದರು.

"ಇಷ್ಟೇಯಾ? ನಂಬರು ಬರೂದೇ ಇಲ್ವಾ?"

"ಇ... ಇಲ್ಲ," ಎಂದ ನಂಜುಂಡ.

"ತಪ್ಪು ನಂಬರೂ ಬರೂದಿಲ್ಲ?"

"ಯಾವುದೂ ಬರಲ್ಲ ಸಾರ್."

"ಅಯ್ಯೋ ಮಾರಾಯ್ರೆ!" ರಾಯರು ಅವನ ಎರಡೂ ಕೈ ಹಿಡಿದುಕೊಂಡರು. "ಹತ್ತು ವರ್ಷದಲ್ಲಿ ನಾಲ್ಕು ಬೋರ್ಡು ತಂದೆ. ನಾಲ್ಕೂ ಸುಳ್ಳು ನಂಬರು ತೋರಿಸಿ, ಒಬ್ಬನ ದೋಸೆ ಇನ್ನೊಬ್ಬ ತಿಂದು, ದಿನಾ ಜಗಳ. ಸುಳ್ಳು ಹೇಳದ ಬೋರ್ಡು ನೋಡಿದ್ದು ಇದೇ ಮೊದಲು! ನಮ್ಮ ಹುಡುಗ್ರಿಗೆ ಕೂಗ್ಲಿಕ್ಕೆ ಗಂಟಲು ಉಂಟು. ನಮ್ಮವರ ಹೋಟೆಲುಗಳಿಗೂ ಸೇರಿ ಇಂಥದ್ದೇ ಮೂವತ್ತು ಬೇಕು. ಒಳಗೆ ಏನೂ ಹಾಕ್ಬಾರ್ದು, ಹ್ಞಾಂ!"

ರಾಯರು ಹೋದ ಮೇಲೆ ಪ್ರತಾಪ್ ನಂಜುಂಡನನ್ನು ಅಪ್ಪಿಕೊಂಡ. ಜಾನಕಮ್ಮ ಕಣ್ಣೊರೆಸಿಕೊಂಡರು.

"ಹಾಗಾದ್ರೆ ಸಾರ್, ನನ್ನ ಕೆಲಸ ಖಾಯಂ?"

"ಖಾಯಂ ಮಾಡೋಣ ಅಂತಲೇ ಇದ್ದೆ," ಪ್ರತಾಪ್ ಖಾಲಿ ಬೋರ್ಡನ್ನು ಮಮತೆಯಿಂದ ಸವರಿದ. "ಆದ್ರೆ ಒಳಗೆ ಏನೂ ಇಲ್ಲದ ಬೋರ್ಡಿಗೆ ಪ್ರೋಗ್ರಾಮು ಬರೆಯೋನು ಯಾಕೆ, ನೀನೇ ಹೇಳು. ಈಗ ಬೇಕಾಗಿರೋದು ಗೋಡೆಗೆ ಮೊಳೆ ಹೊಡೆಯೋರು. ಏಣಿ ಹತ್ತೋಕೆ ಬರುತ್ತಾ?"