ಶುಭ್ರ ಸಂಘದ ಕರಿಹಲಗೆ

ಇಪ್ಪತ್ತೆರಡು ವರ್ಷದಿಂದ ಶಿವರಾಮು ಹಿನಕಲ್‌ನ ಶುಭ್ರ ವಸ್ತ್ರ ಸಹಕಾರ ಸಂಘದ ಕೌಂಟರಿನಲ್ಲಿ ಫ್ಯಾನಿನ ಕೆಳಗೆ ಕೂತು ಸುಳ್ಳು ಹೇಳಿ ಸಂಬಳ ತೆಗೆದುಕೊಳ್ಳುತ್ತಿದ್ದ. ಅದರಿಂದ ಅವನಿಗೇನೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಸಂಘದ ಬಾಗಿಲಿಗೆ ಕರಿಹಲಗೆ ಬಂದ ಮೇಲೆ.

ಸಂಘ ಎಂದರೆ ಲಾಂಡ್ರಿ. ಹೋಟೆಲಿನ ಚಾದರ, ಛತ್ರದ ಜಮಖಾನ, ಮನೆಮನೆಯ ಪಂಚೆ ಸೀರೆ ಎಲ್ಲ ಇಲ್ಲಿಗೆ ಬಂದು ಒಗೆಸಿಕೊಂಡು ಹೋಗುತ್ತವೆ. ಹೇಳಿದ ದಿನಕ್ಕೆ ಹೋದದ್ದು ಮಾತ್ರ ಕಡಿಮೆ. ಬಟ್ಟೆ ತಡವಾದರೆ ಶಿವರಾಮು "ಕರೆಂಟ್ ಇರ್ಲಿಲ್ಲ ಸಾರ್" ಎನ್ನುತ್ತಿದ್ದ. ಗುಂಡಿ ಕಿತ್ತುಹೋಗಿದ್ದರೆ "ಬರುವಾಗ್ಲೇ ಹಂಗಿತ್ತು ಕಣಮ್ಮ" ಎನ್ನುತ್ತಿದ್ದ. ಒಬ್ಬರ ಸೀರೆ ಇನ್ನೊಬ್ಬರ ಮನೆಗೆ ಹೋದಾಗ ಮಾತ್ರ ಏನೂ ಹೇಳದೆ ಚಾಮುಂಡಿ ಬೆಟ್ಟದ ಕಡೆ ಕೈ ತೋರಿಸಿ ನಿಟ್ಟುಸಿರು ಬಿಡುತ್ತಿದ್ದ. ಜನ ಬೈಯುತ್ತಿದ್ದರು, ಇವನು ಬೈಸಿಕೊಳ್ಳುತ್ತಿದ್ದ, ಫ್ಯಾನು ತಿರುಗುತ್ತಿತ್ತು.

ಈ ಸಲದ ಚುನಾವಣೆಯಲ್ಲಿ ಸಂಘಮಿತ್ರ ಅಧ್ಯಕ್ಷರಾದರು. ಸರ್ಕಾರಿ ಹೈಸ್ಕೂಲಿನಲ್ಲಿ ಹೆಡ್ಮಿಸ್ಟ್ರೆಸ್ ಆಗಿದ್ದು ನಿವೃತ್ತರಾದವರು. ಬಂದ ಮೊದಲ ದಿನವೇ ಬಾಗಿಲ ಪಕ್ಕ ಒಂದು ಕರಿಹಲಗೆ ಹೊಡೆಸಿ, ಒಂದು ಡಬ್ಬಿ ಸೀಮೆಸುಣ್ಣ ಇಟ್ಟು, ಒರೆಸುವುದಕ್ಕೆಂದು ಒಂದು ಹೊಸ ಕೆಂಪು ಟವೆಲನ್ನು ಮೊಳೆಗೆ ನೇತುಹಾಕಿದರು. ಅದು ಕೆಳಗೆ ಬೀಳದಿರಲೆಂದು ಶಿವರಾಮು ತುದಿಗೆ ಹಸಿರು ನೂಲಿನ ಕುಣಿಕೆಯನ್ನೂ ಕಟ್ಟಿಕೊಟ್ಟ.

"ನೋಡಿ ಶಿವರಾಮು ಅವರೇ," ಎಂದರು ಸಂಘಮಿತ್ರ, "ಬಟ್ಟೆ ಹರಿದಿದ್ದಕ್ಕೆ ಸಂಘದ ಮರ್ಯಾದೆ ಹೋಗ್ಲಿಲ್ಲ. ಹರಿದ ಮೇಲೆ ನಾವು ಆಡಿದ ಮಾತಿಗೆ ಹೋಯ್ತು. ಇನ್ಮೇಲೆ ನಮ್ಮ ತಪ್ಪನ್ನ ಜನ ಬಂದು ಕೇಳೋಕೆ ಮುಂಚೆ ನಾವೇ ಇಲ್ಲಿ ಬರೀಬೇಕು. ನಿಮ್ಮ ಅಕ್ಷರ ಮುದ್ದಾಗಿದೆ, ನೀವೇ ಬರೀರಿ."

"ಬರೆದ್ರೆ ಜನ ಹೊಡೀತಾರಲ್ಲ ಮೇಡಂ?"

"ಹೊಡೆದ್ರೆ ಅದನ್ನೂ ಬರೀರಿ. ಆದ್ರೆ ಈ ಬೋರ್ಡಲ್ಲಿ ಒಂದೇ ಒಂದು ಸುಳ್ಳು ಬಂತೋ, ನೀವು ಕೌಂಟರ್ ಬಿಟ್ಟು ಬಾಯ್ಲರ್ ರೂಮಿಗೆ."

ಶಿವರಾಮು ಬೆವೆತ. ಬಾಯ್ಲರ್ ರೂಮಿನಲ್ಲಿ ಹತ್ತು ನಿಮಿಷ ನಿಂತರೆ ಅವನ ಮೈಯೆಲ್ಲ ಬೆವರುಸಾಲೆ ಏಳುತ್ತಿತ್ತು. ಅಲ್ಲಿ ಒಂದು ದಿನ ಕೆಲಸ ಮಾಡಿ ಬಂದವರು ಇಡ್ಲಿಯ ಕಷ್ಟ ಏನೆಂದು ಅರ್ಥವಾಯಿತು ಎನ್ನುತ್ತಿದ್ದರು.

ಎರಡು ವಾರ ಏನೂ ಆಗಲಿಲ್ಲ. ಮೂರನೆಯ ಭಾನುವಾರ ಬೆಳಗ್ಗೆ ಏಳಕ್ಕೆ ಶಿವರಾಮು ಬಂದಾಗ, ಒಗೆಯುವ ವಿಭಾಗದ ಬಸವಮ್ಮ ದೊಡ್ಡ ಮೆಷಿನ್ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಸಿವ್ರಾಮಣ್ಣೋ, ನಾನೆಂಗೆ ಯೋಳ್ಲಿ? ನೀನೇ ಬಂದು ನೋಡ್ಬುಡಣ್ಣ."

ಶಿವರಾಮು ನೋಡಿದ. ಒಂಟಿಕೊಪ್ಪಲ್ ಹಿರಿಯರ ಯೋಗ ಬಳಗದ ಅರವತ್ನಾಲ್ಕು ಜೊತೆ ಬಿಳಿ ಜುಬ್ಬಾ ಪೈಜಾಮ ರಾತ್ರಿ ಪಾಳಿಯಲ್ಲಿ ಮೆಷಿನ್ನಿಗೆ ಬಿದ್ದಿದ್ದವು. ಈಗ ಒಂದು ಚೂರೂ ಹೆಚ್ಚುಕಡಿಮೆ ಇಲ್ಲದೆ ಅರವತ್ನಾಲ್ಕೂ ಬೊಂಬಾಯಿ ಮಿಠಾಯಿಯ ಬಣ್ಣಕ್ಕೆ ತಿರುಗಿದ್ದವು. ಬಸವಮ್ಮ ಎರಡು ಸಲ ಬ್ಲೀಚ್ ಹಾಕಿ ನೋಡಿದ್ದಳು. ಬಣ್ಣ ಇನ್ನಷ್ಟು ಮುದ್ದಾಗಿತ್ತು, ಅಷ್ಟೇ. ಬಳಗದ ಬೆಳ್ಳಿಹಬ್ಬ ಅವತ್ತೇ ಸಂಜೆ ಐದಕ್ಕೆ.

ಶಿವರಾಮುವಿನ ತಲೆಯೊಳಗೆ ಹಳೆಯ ಕಾರ್ಖಾನೆ ತಾನಾಗಿಯೇ ಚಾಲೂ ಆಯಿತು. ನಲ್ಲಿ ನೀರು ಕೆಂಪಾಗಿತ್ತು ಎನ್ನಲೇ? ಸೋಪಿನ ಕಂಪನಿಯವರು ಮೋಸ ಮಾಡಿದರು ಎನ್ನಲೇ? ಇದು ರಕ್ತಚಂದನದ ಆರೋಗ್ಯ ವಾಶ್, ಯೋಗ ಮಾಡುವವರಿಗೆಂದೇ ಉಚಿತ ಎಂದುಬಿಟ್ಟರೆ ಹೇಗೆ? ಕೊನೆಯದು ಅವನಿಗೇ ಬಹಳ ಹಿಡಿಸಿತು. ಆದರೆ ಅಷ್ಟರಲ್ಲಿ ಹಿಂದೆ ಸಂಘಮಿತ್ರ ಬಂದು ನಿಂತಿದ್ದರು.

"ಬರೀರಿ," ಎಂದರು.

ಬೋರ್ಡಿನ ಮೇಲೆ ನಿನ್ನೆಯ 'ಇಂದು ಎಲ್ಲ ಸರಿಯಾಗಿದೆ' ಹಾಗೇ ಇತ್ತು. ಒರೆಸುವ ಬಟ್ಟೆ ಮೊಳೆಯಲ್ಲಿ ಇರಲಿಲ್ಲ. ಶಿವರಾಮು ಅಂಗೈಯಲ್ಲೇ ಒರೆಸಿ, ಅವರು ಹೇಳಿದಂತೆ ಗುಂಡುಗುಂಡಾಗಿ ಬರೆದ: 'ಯೋಗ ಬಳಗದ ಅರವತ್ನಾಲ್ಕು ಜೊತೆ ಬಿಳಿ ಬಟ್ಟೆ ನಮ್ಮಲ್ಲಿ ಗುಲಾಬಿ ಬಣ್ಣವಾಗಿದೆ. ತಪ್ಪು ನಮ್ಮದು. ಹೇಗಾಯಿತೆಂದು ಈಗ ಗೊತ್ತಿಲ್ಲ. ಯಾರಿಂದಾಯಿತೆಂದು ಸಂಜೆ ನಾಲ್ಕು ಗಂಟೆಗೆ ಇಲ್ಲೇ ಬರೆಯುತ್ತೇವೆ.'

ಒಂಬತ್ತಕ್ಕೆ ಬಳಗದ ಅಧ್ಯಕ್ಷ ಸುಂದರೇಶರು ಕೊಡೆ ಹಿಡಿದು ಬಂದರು. ಜೊತೆಗೆ ಹೆಂಡತಿ ರಮಾಮಣಿ, ಹಿಂದೆ ಸ್ಕೂಟರಿನಲ್ಲಿ ಏಳೆಂಟು ಹಿರಿಯರು. ಸುಂದರೇಶರ ತಾತ ಅರಮನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದವರು. ಲೆಕ್ಕ ತಪ್ಪಿದ್ದನ್ನು ಹಿಡಿಯುವುದು ಅವರ ಮನೆತನದಲ್ಲೇ ಬಂದದ್ದು. ಕಳೆದುಹೋದ ಒಂದು ಕರ್ಚೀಫಿಗಾಗಿ ಶಿವರಾಮುವಿನ ಜೊತೆ ಮೂರು ವರ್ಷ ಜಗಳವಾಡಿದ್ದರು. ಅವರ ಕೊಡೆಯ ತುದಿ ಕಂಡೊಡನೆ ಶಿವರಾಮು ಕೌಂಟರಿನ ಕೆಳಗೆ ಏನೋ ಬಿದ್ದದ್ದನ್ನು ಹುಡುಕತೊಡಗಿದ.

ಕಿರುಚಾಟ ಕೇಳಿಸಲಿಲ್ಲ. ಮೆಲ್ಲಗೆ ತಲೆಯೆತ್ತಿದರೆ ಸುಂದರೇಶರು ಬೋರ್ಡಿನ ಮುಂದೆ ನಿಂತೇ ಇದ್ದರು. ಒಂದು ಸಲ ಓದಿದರು. ಕನ್ನಡಕ ಏರಿಸಿ ಇನ್ನೊಂದು ಸಲ ಓದಿದರು. ಕೊಡೆ ತಾನಾಗಿಯೇ ಕೆಳಗಿಳಿಯಿತು.

"ಏನ್ರೀ ಶಿವರಾಮು, ಇದು ನೀವು ಬರೆದದ್ದಾ?"

"ಹೂಂ ಸಾರ್."

"ತಪ್ಪು ನಮ್ಮದು ಅಂತ?"

"ಹೂಂ ಸಾರ್. ನಮ್ದೇ."

ಸುಂದರೇಶರು ಕನ್ನಡಕ ತೆಗೆದು ಜುಬ್ಬದ ಅಂಚಿನಲ್ಲಿ ಒರೆಸಿಕೊಂಡರು. "ನನಗೆ ಎಪ್ಪತ್ತೈದು ಕಣ್ರೀ. ಇಷ್ಟು ವರ್ಷದಲ್ಲಿ ಒಂದು ಆಫೀಸಿನವರೂ, ಒಂದು ಅಂಗಡಿಯವರೂ ನನಗೆ ಈ ಮಾತು ಹೇಳಿಲ್ಲ. ಮನೇಲೂ ಯಾರೂ ಹೇಳಿಲ್ಲ."

"ನೀವು ನಂಗೆ ಹೇಳಿದ್ದೀರಾ?" ಎಂದರು ರಮಾಮಣಿ. ಆಮೇಲೆ ಒಂದು ಜುಬ್ಬಾ ಎತ್ತಿ ಬೆಳಕಿಗೆ ಹಿಡಿದು, "ಬಣ್ಣ ಚೆನ್ನಾಗೇ ಇದೆ ಬಿಡಿ. ಇದನ್ನೇ ಹಾಕ್ಕೊಂಡ್ರಾಯ್ತು. ಆ ಬಿಳಿ ಬಟ್ಟೇಲಿ ನೀವೆಲ್ಲ ಆಸ್ಪತ್ರೆ ವಾರ್ಡ್‌ನಿಂದ ತಪ್ಪಿಸ್ಕೊಂಡು ಬಂದೋರ ಹಾಗೆ ಕಾಣ್ತಿದ್ರಿ," ಎಂದರು.

ಅರವತ್ನಾಲ್ಕು ಜೊತೆ ಗುಲಾಬಿ ಬಟ್ಟೆ ಇಸ್ತ್ರಿಯಾಗಿ, ಒಂದು ಬೈಗುಳವೂ ಇಲ್ಲದೆ ಸಂಘದ ಬಾಗಿಲು ದಾಟಿತು. ಶಿವರಾಮು ಬಾಯಿ ತೆರೆದುಕೊಂಡು ನೋಡಿದ. ಇಪ್ಪತ್ತೆರಡು ವರ್ಷ ಎಷ್ಟೆಲ್ಲ ಕಷ್ಟಪಟ್ಟು, ಎಷ್ಟು ಬಗೆಯ ಸುಳ್ಳು ಹೊಸೆದು ಅವನು ಜನರಿಂದ ಪಡೆದದ್ದು ಬೈಗುಳ. ಇವತ್ತು ಎರಡೇ ಪದ ಬರೆದದ್ದಕ್ಕೆ ಸುಂದರೇಶರಂಥ ಸುಂದರೇಶರ ಕಣ್ಣಲ್ಲಿ ನೀರು! ನಿಜಕ್ಕೆ ಇಷ್ಟೊಂದು ಶಕ್ತಿ ಇದೆಯೆಂದು ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೈ ಜುಮ್ಮೆಂದಿತು.

ರಮಾಮಣಿ ಬೋರ್ಡಿನ ಫೋಟೊ ತೆಗೆದು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅಲ್ಲಿಂದ ಅದು ಮೈಸೂರೆಲ್ಲ ಸುತ್ತಿತು. ಹನ್ನೊಂದರ ಹೊತ್ತಿಗೆ ಬೋರ್ಡು ನೋಡಲು ಜನ ಬರತೊಡಗಿದರು. ಬಂದವರು ಬರಿಗೈಯಲ್ಲಿ ಬರಲಿಲ್ಲ. ಗಂಟು ಹೊತ್ತು ತಂದರು. ನಜರ್‌ಬಾದಿನಿಂದ ಒಬ್ಬರು ಆಟೊದ ತುಂಬ ಪರದೆ ಹೇರಿಕೊಂಡು ಬಂದು, "ತಪ್ಪಾದ್ರೆ ತಪ್ಪಾಯ್ತು ಅಂತ ಹೇಳ್ತೀರಲ್ಲ, ಅಷ್ಟು ಸಾಕು," ಎಂದು ಕೈಮುಗಿದರು. ಒಂದು ವಾರದಲ್ಲಿ ಬಾರದಷ್ಟು ಬಟ್ಟೆ ಮಧ್ಯಾಹ್ನದೊಳಗೆ ಬಂತು. ಎಲ್ಲರೂ ಹೋಗುವಾಗ ಕೇಳುತ್ತಿದ್ದದ್ದು ಒಂದೇ: "ನಾಲ್ಕು ಗಂಟೆಗೆ ಹೆಸರು ಬರೀತೀರಲ್ವಾ?"

ಮೂರಕ್ಕೆ ಬಸವಮ್ಮ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು.

"ಅಣ್ಣ, ಜನ ಎಲ್ಲ ನನ್ನೇ ನೋಡ್ತಾವ್ರೆ ಕಣಣ್ಣ. ನಾಲ್ಕು ಗಂಟ್ಗೆ ನನ್ನೆಸ್ರೇ ಬರಿಯಾದಾ? ನಾನು ಬುಟ್ಟಿಲಿದ್ದಿದ್ನ ಅಂಗೇ ಸುರುವ್ದೆ, ನನ್ನಾಣೆಗೂ ಬ್ಯಾರೆ ಏನೂ ಮಾಡ್ಲಿಲ್ಲ. ಮೆಷಿನ್ ಬಾಗ್ಲು ರಬ್ಬರ್ ಸಂದಿಲಿ ಇದೊಂದು ಸಿಕ್ತು, ಯಾರ್ದೋ ಏನೋ."

ಅದು ಒಂದು ಬಿಳಿಚಿದ ಟವೆಲು. ತನ್ನ ಬಣ್ಣವನ್ನೆಲ್ಲ ಅರವತ್ನಾಲ್ಕು ಜನಕ್ಕೆ ಹಂಚಿ ಬರಿದಾಗಿತ್ತು. ತುದಿಯಲ್ಲಿ ಹಸಿರು ನೂಲಿನ ಕುಣಿಕೆ.

ಶಿವರಾಮುವಿಗೆ ನಿನ್ನೆ ಸಂಜೆ ಕಣ್ಣಮುಂದೆ ಬಂತು. ಬಾಗಿಲು ಹಾಕುವ ಆತುರ, ಒರೆಸುವ ಬಟ್ಟೆಯ ತುಂಬ ಸೀಮೆಸುಣ್ಣದ ಪುಡಿ. ಒಗೆಯಲಿ ಎಂದು ಹತ್ತಿರದ ಬುಟ್ಟಿಗೆ ಅವನೇ ಎಸೆದಿದ್ದ. ಅದು ಯಾರ ಬುಟ್ಟಿಯೆಂದು ನೋಡಿರಲಿಲ್ಲ.

ಯಾರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗುವಂತೆಯೂ ಇಲ್ಲ. ಟವೆಲನ್ನು ಜೇಬಿಗೆ ತುರುಕಿ, 'ಮೆಷಿನ್ ದೋಷ' ಎಂದು ಬರೆದರೆ ಮುಗಿಯಿತು. ಅವನು ಟವೆಲನ್ನು ಜೇಬಿಗೆ ತುರುಕಿಯೂ ಬಿಟ್ಟ. ಆದರೆ ಎದುರಿಗೆ ಬಸವಮ್ಮ ಸೆರಗು ಬಾಯಿಗಿಟ್ಟು ನಿಂತಿದ್ದಳು. ಬೆಳಗಿನ ಸುಂದರೇಶರ ಮುಖ ಬೇರೆ ನೆನಪಾಯಿತು. 'ತಪ್ಪು ನಮ್ಮದು' ಎಂದದ್ದಕ್ಕೇ ಇಷ್ಟಾದರೆ, 'ತಪ್ಪು ನನ್ನದು' ಎಂದರೆ ಇನ್ನೆಷ್ಟಾಗಬಹುದು! ಹುಟ್ಟಿದಾಗಿನಿಂದ ಇಲ್ಲದ ಒಂದು ಧೈರ್ಯ ಅವನೊಳಗೆ ಎದ್ದು ನಿಂತಿತು.

"ನಿನ್ನೆಸ್ರು ಬರಲ್ಲ ಬುಡಮ್ಮ," ಎಂದ.

ನಾಲ್ಕಕ್ಕೆ ಬಾಗಿಲ ಮುಂದೆ ಜಾತ್ರೆಯಂತೆ ಜನ. ಬೆಳ್ಳಿಹಬ್ಬಕ್ಕೆ ಹೊರಟ ಅರವತ್ನಾಲ್ಕು ಹಿರಿಯರೂ ಬಸ್ಸು ನಿಲ್ಲಿಸಿ ಇಳಿದಿದ್ದರು. ಬಿಸಿಲಿಗೆ ರಸ್ತೆಯ ಆ ಮೂಲೆಯೇ ಗುಲಾಬಿಯಾಗಿತ್ತು. ಎಪ್ಪತ್ತು ದಾಟಿದ ಮುಖಗಳ ಮೇಲೆಲ್ಲ ಆ ಬಣ್ಣ ಹೊಳೆದು, ಎಲ್ಲರೂ ಈಗಷ್ಟೇ ನಾಚಿಕೊಂಡವರಂತೆ ಕಾಣುತ್ತಿದ್ದರು. ಇಷ್ಟು ಚೆಂದದ್ದನ್ನು ತಾನೇ ಮಾಡಿದೆನಲ್ಲ ಎಂದು ಶಿವರಾಮು ಹಿಗ್ಗಿದ. ಸೀಮೆಸುಣ್ಣ ತೆಗೆದುಕೊಂಡು ಬರೆದ: 'ಬೋರ್ಡ್ ಒರೆಸುವ ಕೆಂಪು ಬಟ್ಟೆಯನ್ನು ಬಿಳಿ ಬಟ್ಟೆಯ ಬುಟ್ಟಿಗೆ ಹಾಕಿದವನು ನಾನೇ. ಕ್ಷಮಿಸಿ. ಶಿವರಾಮು.'

ಹಿರಿಯರೆಲ್ಲ ಕತ್ತು ಚಾಚಿ ಓದಿದರು. ಆಮೇಲೆ ಸುಂದರೇಶರು ಮುಂದೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಮಹಾನುಭಾವ!" ಎಂದರು. ಜನರ ಕಡೆ ತಿರುಗಿ, "ನೋಡ್ರಪ್ಪ, ಈ ಮನುಷ್ಯ ಇಪ್ಪತ್ತೆರಡು ವರ್ಷದಲ್ಲಿ ಒಂದು ಗುಂಡಿ ಕಿತ್ತದ್ದನ್ನೂ ಒಪ್ಪಿದವನಲ್ಲ. ನನ್ನ ಕರ್ಚೀಫು ಇವತ್ತಿಗೂ ಒಪ್ಪಿಲ್ಲ. ನಿಜವಾಗ್ಲೂ ಇವನೇ ಮಾಡಿದ್ದಿದ್ರೆ ಒಪ್ಪಿಕೊಳ್ತಿದ್ನೇ? ಆ ಹೆಣ್ಣುಮಗಳನ್ನ ಉಳಿಸೋಕೆ ತನ್ನ ತಲೆ ಮೇಲೆ ಹಾಕ್ಕೊಂಡಿದ್ದಾನೆ!"

"ಇಲ್ಲ ಸಾರ್, ನಾನೇ ಸಾರ್! ನಿಜವಾಗ್ಲೂ ನಾನೇ!"

"ನೋಡಿ, ಹೇಗೆ ಸಾಧಿಸ್ತಾನೆ!" ಎಂದು ರಮಾಮಣಿ ಕಣ್ಣೊರೆಸಿಕೊಂಡರು. ಜನ ಚಪ್ಪಾಳೆ ತಟ್ಟಿದರು.

ಬಸವಮ್ಮನಿಗೆ ತಡೆಯಲಾಗಲಿಲ್ಲ. ಗುಂಪಿನ ನಡುವೆ ನುಗ್ಗಿ ಬಂದು ಸಂಘಮಿತ್ರರ ಮುಂದೆ ನಿಂತಳು. "ನಾನೇ ಮೇಡಂ! ನೋಡ್ದೆ ಸುರುವ್ಬುಟ್ಟೆ, ನನ್ ಕಣ್ತಪ್ಪಿಂದ್ಲೇ ಆಗೋಯ್ತು. ಈ ದ್ಯಾವ್ರಂತ ಮನುಸನ ಎಸ್ರು ಅಳಿಸ್ಬುಡಿ!"

ಸಂಘಮಿತ್ರ ಇಬ್ಬರನ್ನೂ ಒಳಗೆ ಕರೆದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಶಿವರಾಮು ಅವರೇ, ನಿಮ್ಮ ಮನಸ್ಸು ದೊಡ್ಡದು. ಆದ್ರೆ ಬೋರ್ಡಲ್ಲಿ ಸುಳ್ಳು ಬರೆದ್ಬಿಟ್ರಿ."

"ಸುಳ್ಳಲ್ಲ ಮೇಡಂ! ಇಲ್ಲಿ ನೋಡಿ, ಇದೇ ಆ ಬಟ್ಟೆ," ಎಂದು ಶಿವರಾಮು ಜೇಬಿನಿಂದ ಟವೆಲು ಎಳೆದ.

ಸಂಘಮಿತ್ರ ಅದನ್ನು ಬಿಡಿಸಿ ನೋಡಿದರು. "ನಾನು ತಂದಿದ್ದು ಕೆಂಪು ಬಟ್ಟೆ. ಇದು ಬಿಳೀದು."

"ನೂಲು ನೋಡಿ ಮೇಡಂ, ಹಸಿರು ನೂಲು, ನಾನೇ ಕಟ್ಟಿದ್ದು!"

"ಕಟ್ಟಿರ್ತೀರಿ. ಈಗ ಅರ್ಧ ಗಂಟೆ ಹಿಂದೆ ಕಟ್ಟಿರ್ತೀರಿ. ಮೂವತ್ತು ವರ್ಷ ಮಕ್ಕಳನ್ನ ನೋಡಿದ್ದೀನಿ ಶಿವರಾಮು ಅವರೇ. ನಿಜ ಹೇಳೋರು ಇಷ್ಟು ಬೆವರಲ್ಲ." ಅವರು ಬಸವಮ್ಮನ ಹೆಗಲ ಮೇಲೆ ಕೈಯಿಟ್ಟರು. "ಕೇಳದೇ ಇದ್ರೂ ತಾವಾಗೇ ಬಂದು ಒಪ್ಕೊಂಡೋರು ಇವರು. ಕೌಂಟರಲ್ಲಿ ಇಂಥವರೇ ಇರಬೇಕು. ನಿಮಗೆ ನಾಳೆಯಿಂದ ಅಂತೇನೂ ಇಲ್ಲ, ಈಗಲೇ ಬಾಯ್ಲರ್ ರೂಮು. ನಿಯಮ ಅಂದ್ರೆ ನಿಯಮ. ಹೋಗೋ ಮುಂಚೆ ಬೋರ್ಡಲ್ಲಿ ಒಂದು ತಿದ್ದುಪಡಿ ಬರೆದ್ಬಿಡಿ, ನಿಮ್ಮ ಅಕ್ಷರ ಮುದ್ದಾಗಿದೆ."

ಶಿವರಾಮು ಹೊರಗೆ ಬಂದ. ಕೈಯಲ್ಲಿದ್ದ ಆ ಬಿಳಿಚಿದ ಟವೆಲಿನಲ್ಲೇ ತನ್ನ ಹೆಸರನ್ನು ಒರೆಸಿ, ಅವರು ಹೇಳಿದಂತೆ ಗುಂಡುಗುಂಡಾಗಿ ಬರೆದ: 'ಮೇಲಿನ ಪ್ರಕಟಣೆ ಸುಳ್ಳು. ಅದಕ್ಕಾಗಿ ಸಂಘ ವಿಷಾದಿಸುತ್ತದೆ. ತಪ್ಪನ್ನು ಬಸವಮ್ಮ ತಾವಾಗಿ ಒಪ್ಪಿಕೊಂಡಿದ್ದಾರೆ.' ಓದಿದ ಅರವತ್ನಾಲ್ಕು ಗುಲಾಬಿ ಹಿರಿಯರೂ ತಲೆದೂಗಿದರು. "ತಿದ್ದಿಕೊಳ್ಳೋದನ್ನೂ ಮುಚ್ಚಿಡಲಿಲ್ಲವಲ್ಲ! ಇಂಥ ಸಂಘ ಎಲ್ಲಾದ್ರೂ ಉಂಟೇ?" ಎಂದು ಸುಂದರೇಶರು ಬೋರ್ಡಿಗೇ ಕೈಮುಗಿದು ಬಸ್ಸು ಹತ್ತಿದರು. ಶಿವರಾಮು ತಾನು ಬರೆದದ್ದನ್ನು ತಾನೇ ಓದಿ ಬೆರಗಾಗಿ ನಿಂತ.

ಆರು ಗಂಟೆಗೆ ಅವನು ಅಂಗಿ ಬಿಚ್ಚಿ ಬಾಯ್ಲರ್ ರೂಮಿನಲ್ಲಿ ಬೆನ್ನು ಕೆರೆದುಕೊಳ್ಳುತ್ತಿದ್ದಾಗ, ಗೋಡೆಯಾಚೆ ಕೌಂಟರಿನಲ್ಲಿ ಒಬ್ಬ ಹೆಂಗಸಿನ ದನಿ ಕೇಳಿಸಿತು. "ನನ್ನ ಸೀರೆ ನಿನ್ನೇನೇ ಕೊಡ್ತೀವಿ ಅಂದಿದ್ರಿ?"

ಬಸವಮ್ಮ ತಡವರಿಸಿದಳು. ಆಮೇಲೆ ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಗೆ ಬಂದ ಮಾತೇ ಹೊರಬಿತ್ತು: "ಕರೆಂಟ್ ಇರ್ಲಿಲ್ಲ ಕಣ್ರವ್ವ."

"ಅಯ್ಯೋ ಹೌದಾ? ನೀವು ಹೇಳಿದ್ಮೇಲೆ ನಿಜಾನೇ ಇರುತ್ತೆ ಬುಡಿ. ನಿಧಾನಕ್ಕೆ ಕೊಡಿ ತಾಯಿ, ಅವಸರ ಏನಿಲ್ಲ."

ಶಿವರಾಮು ಕೆರೆಯುವುದನ್ನು ಬಿಟ್ಟು ತಲೆಯೆತ್ತಿ ನೋಡಿದ. ನಿನ್ನೆಯಿಂದ ಯಾರೂ ಆರಿಸದ ಬಲ್ಬು ಅವನ ತಲೆಯ ಮೇಲೆ ಝಗಝಗನೆ ಉರಿಯುತ್ತಿತ್ತು.