ಕ್ಲೆಗ್ ಸಾಹೇಬರ ಬಿಂಗೊ ಮತ್ತು ಡೆರಿಕ್‌ನ ಡಬ್ಬಿ

ಡೆರಿಕ್ ಹಾಬ್ಸನ್‌ನ ಸಂಗೀತ ಜೀವನಕ್ಕೆ ಕಲ್ಲು ಹಾಕಿದ್ದು ಒಂದು ಗುಂಡಿ. ಶೆಫೀಲ್ಡಿನ ಅವನ ನ್ಯೂ ವೇವ್ ಸಂಗೀತ ತಂಡ 'ಕಾಂಕ್ರೀಟ್ ಕಣ್ಣೀರು' ಶುರುವಾಗಿ ವರ್ಷ ತುಂಬುವ ಮೊದಲೇ ಡ್ರಮ್ಮಿನವನು ಮದುವೆಯಾಗಿ ಕೈಕೊಟ್ಟ. ಅವನ ಜಾಗಕ್ಕೆ ಚರ್ಚಿನವರು ಬಿಸಾಕಿದ, ಕರೆಂಟಿನಲ್ಲಿ ತಾನೇ ತಾಳ ಬಡಿಯುವ ಹಳೆಯ ಡಬ್ಬಿ ಬಂತು. ಅದರ ಗುಂಡಿ ಒಮ್ಮೆ ಒತ್ತಿದರೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಟಿಕ್ ಟಕ್ ನಿಲ್ಲಬೇಕಾದರೆ ಪ್ಲಗ್ಗನ್ನೇ ಕೀಳಬೇಕು.

ದೊಡ್ಡ ಕಂಪನಿಗಳ ಹಂಗಿಗೆ ಬೀಳುವುದಿಲ್ಲವೆಂದು ತಂಡ ಶಪಥ ಮಾಡಿತ್ತು. ಯಾವ ಕಂಪನಿಯೂ ಇವರನ್ನು ಕೇಳಿರಲಿಲ್ಲ ಅನ್ನುವುದು ಬೇರೆ ಮಾತು. ಈಗ ಲಂಡನ್ನಿನ ಸಂಗೀತ ಪತ್ರಿಕೆಯೊಂದರ ವರದಿಗಾರ ಬರುವವನಿದ್ದ. ಅವನು ಬರುವ ದಿನ ಬೆಳಿಗ್ಗೆಯೇ ಅಪ್ಪ ಹೇಳಿದ್ದ: "ಪೇಪರಿನವನು ಹೊಗಳಿದ್ರೆ ಹಾಡ್ಕೊಂಡಿರು. ಇಲ್ಲಾಂದ್ರೆ ಸೋಮವಾರದಿಂದ ನಿನ್ನ ಮಾವನ ಕಾರ್ಪೆಟ್ ಅಂಗಡಿ."

ಹಾಡಲು ಸಿಕ್ಕಿದ್ದು ಮಾತ್ರ ಉಕ್ಕಿನ ಕಾರ್ಖಾನೆಯವರ ಕ್ಲಬ್ಬು. ಅದರ ಕಾರ್ಯದರ್ಶಿ ಸಿಡ್ನಿ ಕ್ಲೆಗ್ ಸಾಹೇಬರಿಗೆ ಸಂಗೀತವೆಂದರೆ ಎರಡು ಬಿಂಗೊ ಆಟಗಳ ನಡುವಿನ ಅಡಚಣೆ. ಬಿಂಗೊ ಅಂದರೆ ಒಬ್ಬರು ಅಂಕಿ ಕೂಗುವುದು, ಉಳಿದವರು ತಮ್ಮ ಚೀಟಿಯಲ್ಲಿ ಅದನ್ನು ಹೊಡೆದುಹಾಕುವುದು. ವೇದಿಕೆಗೆ ಇದ್ದದ್ದು ಒಂದೇ ಪ್ಲಗ್ಗು. ಅಂಕಿ ಬರೆದ ಬಿಂಗೊ ಚೆಂಡುಗಳನ್ನು ಹಾರಿಸುವ ಯಂತ್ರದ ವೈರಿಗೇ ಡಬ್ಬಿಯ ವೈರು ಸುತ್ತಿ, ಟೇಪು ಹಚ್ಚಿ, ಕ್ಲೆಗ್ ತಾವೇ ಸಿಕ್ಕಿಸಿಕೊಟ್ಟರು.

ನ್ಯೂ ವೇವ್‌ನವರ ಶೋಕಿಯಂತೆ ಡೆರಿಕ್ ಮುಖದಲ್ಲಿ ಯಾವ ಭಾವನೆಯೂ ಇಲ್ಲದಂತೆ ಹಾಡುವುದನ್ನು ವಾರವಿಡೀ ಕನ್ನಡಿಯ ಮುಂದೆ ಕಲಿತಿದ್ದ. ಮಾನವಕುಲ ನಾಶವಾಗುವ ಹಾಡಿನ ನಡುವೆ ಕ್ಲೆಗ್ ಮೈಕು ಕಿತ್ತುಕೊಂಡು ಮಾಂಸ ತುಂಬಿದ ಬಿಸಿ ಪೈ ಬಂದಿದೆ ಎಂದು ಸಾರಿದರು. ಮಾನವಕುಲ ಎದ್ದು ಸಾಲು ನಿಂತಿತು. ಕೀಬೋರ್ಡ್ ನುಡಿಸುತ್ತಿದ್ದ ಮೌರೀನಳೂ ಒಂದು ತರಿಸಿಕೊಂಡು ಕೂತಲ್ಲೇ ತಿನ್ನತೊಡಗಿದಳು. ವರದಿಗಾರನ ಪತ್ತೆಯೇ ಇರಲಿಲ್ಲ, ರೈಲು ತಡವಾಗಿತ್ತು.

ಅಷ್ಟರಲ್ಲಿ ಬಿಂಗೊ ಹೊತ್ತಾಯಿತು. ಡೆರಿಕ್ ಡಬ್ಬಿ ನಿಲ್ಲಿಸಲು ಪ್ಲಗ್ಗಿಗೆ ಕೈಹಾಕಿದ.

"ಮುಟ್ಬೇಡ," ಅಂದರು ಕ್ಲೆಗ್. "ನನ್ನ ಚೆಂಡು ನಿಂತ್ರೆ ಇವರೆಲ್ಲ ಸೇರಿ ನಿನ್ನ ಚರ್ಮ ಸುಲೀತಾರೆ."

ಡಬ್ಬಿ ಬಡಿಯುತ್ತಲೇ ಇತ್ತು, ಮೌರೀನ್ ವೇದಿಕೆಯಲ್ಲೇ ಪೈ ತಿನ್ನುತ್ತಲೇ ಇದ್ದಳು. ಕ್ಲೆಗ್ ತಮ್ಮ ಎಂದಿನ ಸತ್ತ ದನಿಯಲ್ಲಿ ಒಂದೊಂದೇ ಅಂಕಿ ಓದಿದರು. ಬಿಂಗೊ ನಡೆಯುವಾಗ ಅಲ್ಲಿ ಕೆಮ್ಮುವುದೂ ಅಪರಾಧ. ಇಡೀ ಸಭೆ ತಲೆ ತಗ್ಗಿಸಿ ಚೀಟಿಯ ಮೇಲೆ ಗೀಟು ಎಳೆಯುತ್ತಿತ್ತು. ಆಗಲೇ ಉದ್ದ ಕೋಟಿನವನೊಬ್ಬ ಬಾಗಿಲಲ್ಲಿ ನಿಂತು ಬರೆದುಕೊಳ್ಳತೊಡಗಿದ್ದನ್ನು ಡೆರಿಕ್ ಕಂಡ. ಆಟ ಮುಗಿದದ್ದೇ ತಡ, ವೇದಿಕೆಗೆ ಹಾರಿ ಗಂಟಲು ಹರಿಯುವಂತೆ ಹಾಡಿದ. ಕೋಟಿನವನು ಪುಸ್ತಕ ಮುಚ್ಚಿ ಹೊರಗೆ ಹೋಗಿಬಿಟ್ಟ.

ಡೆರಿಕ್ ಹಿಂದೆಯೇ ಓಡಿದ. ಆ ಕೋಟಿನವನೇ ವರದಿಗಾರ; ಆಟ ಮುಗಿಸಿ ಹೊರಗೆ ಬಂದಿದ್ದ ಕ್ಲೆಗ್ ಸಾಹೇಬರ ಕೈ ಹಿಡಿದು ಕುಲುಕುತ್ತಿದ್ದ.

"ಇಂಥದ್ದು ನಾನು ಕೇಳೇ ಇರ್ಲಿಲ್ಲ ಸಾರ್. ಬರೀ ಅಂಕಿ, ಬರೀ ಬಡಿತ, ಭಾವನೆ ಅನ್ನೋದೇ ಇಲ್ಲ. ಜನ ತಲೆ ಎತ್ಲಿಲ್ಲ. ಪೈ ತಿಂತಾ ಕೂತಿದ್ರಲ್ಲ ಆ ಹುಡುಗಿ, ಅದಂತೂ ಧೈರ್ಯ. ಮುಂದಿನ ಶನಿವಾರ ಲಂಡನ್ನಲ್ಲಿ ನಮ್ಮ ಪತ್ರಿಕೆ ಲೆಕ್ಕದಲ್ಲಿ ನಿಮ್ಮದೇ ಕಛೇರಿ."

"ಸಾರ್, ಕಾಂಕ್ರೀಟ್ ಕಣ್ಣೀರು ಅಂದ್ರೆ ನಾನು," ಅಂದ ಡೆರಿಕ್.

ವರದಿಗಾರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕೊನೇಲಿ ಬಂದು ಕಿರುಚಿ ಎಲ್ಲಾ ಹಾಳು ಮಾಡಿದ್ದು ನೀನೇನಾ?"

ಡೆರಿಕ್‌ಗೆ ಅಳುವೇ ಬಂತು. ಕ್ಲೆಗ್ ಸಾಹೇಬರು ಮಾತ್ರ ಟೈ ಸರಿಮಾಡಿಕೊಂಡು ಲಂಡನ್ನಿನಲ್ಲಿ ಬಿಂಗೊ ಚೀಟಿ ತಾವೇ ತರಬೇಕೋ, ಅವರೇ ಕೊಡುತ್ತಾರೋ ಎಂದು ವಿಚಾರಿಸುತ್ತಿದ್ದರು.

ಸೋಮವಾರ ಡೆರಿಕ್ ಮಾವನ ಅಂಗಡಿ ಸೇರಿದ. ಮೊದಲ ದಿನವೇ ಶನಿವಾರಕ್ಕೆ ರಜೆ ಕೇಳಿದ. ಕ್ಲೆಗ್ ಸಾಹೇಬರು ಮತ್ತು ಮೌರೀನ್ ಲಂಡನ್ನಿಗೆ ಹೊರಟಿದ್ದರು, ಡಬ್ಬಿ ಹೊರಲು ಒಬ್ಬ ಬೇಕಾಗಿತ್ತು.